ಕುಳಿತಾಗ ಹೆಚ್ಚುವ ಕಾಲುನೋವಿಗೆ ಎರಡು ಚಿಕಿತ್ಸಾಲಯಗಳು: ಪಿರಿಫಾರ್ಮಿಸ್ ಚಿಕಿತ್ಸೆಯ ವಿಮರ್ಶೆ

ಬಲ ಪೃಷ್ಠದ ಆಳದಲ್ಲಿ ಹುಟ್ಟಿ, ತೊಡೆಯ ಹಿಂಬದಿಯಿಂದ ಇಳಿದು, ಮೀನಖಂಡದ ನಡುವಿನವರೆಗೆ ಬಂದು ನಿಲ್ಲುತ್ತಿದ್ದ ನೋವೊಂದಕ್ಕೆ ನಾನು ಹನ್ನೊಂದು ತಿಂಗಳು ಚಿಕಿತ್ಸೆ ಪಡೆದೆ. ಪಿರಿಫಾರ್ಮಿಸ್ ಎಂಬ, ಪೃಷ್ಠದ ಆಳದ ಸ್ನಾಯುವೊಂದು ಕಾಲಿಗಿಳಿಯುವ ನರವನ್ನು ಕೆಣಕುವುದರಿಂದ ಬಂದ ನೋವು ಅದೆಂದು ತಿಳಿದದ್ದು ತಡವಾಗಿ. ಮೊದಲ ಆರು ತಿಂಗಳು ಹತ್ತಾರು ಯಂತ್ರಗಳಿದ್ದ ಒಂದು ದೊಡ್ಡ ಕೇಂದ್ರದಲ್ಲಿ, ಮುಂದಿನ ಐದು ತಿಂಗಳು ಎರಡೇ ಕೋಣೆಗಳ ಒಂದು ಫಿಸಿಯೋಥೆರಪಿ ಚಿಕಿತ್ಸಾಲಯದಲ್ಲಿ ಕಳೆದವು. ಎರಡರ ಹೆಸರನ್ನೂ ನಾನು ಬರೆಯುತ್ತಿಲ್ಲ. ಇದೇ ನೋವಿನಿಂದ ಬಳಲುವವರು ತಾವಿರುವಲ್ಲಿ ಯಾವ ಬಾಗಿಲು ತಟ್ಟಬೇಕೆಂದು ಯೋಚಿಸುವಾಗ ಅವರಿಗೆ ಹೆಸರಿಗಿಂತ ಹೆಚ್ಚಾಗಿ ಬೇಕಾಗುವುದು, ಒಳ್ಳೆಯ ಚಿಕಿತ್ಸೆ ಎಂದರೆ ಆ ಬಾಗಿಲ ಒಳಗೆ ಏನೇನು ನಡೆಯಬೇಕು ಎಂಬ ತಿಳಿವಳಿಕೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ನೋವಿನ ಚಿಕಿತ್ಸೆ ಎಂಥದ್ದೆಂಬುದು ಮೊದಲ ಭೇಟಿಯ ಪರೀಕ್ಷೆಯಲ್ಲಿಯೇ ಗೊತ್ತಾಗುತ್ತದೆ. ರೋಗಿಯನ್ನು ಮಾತನಾಡಿಸಿ, ನಡೆಸಿ, ಬಗ್ಗಿಸಿ, ಮುಟ್ಟಿ ನೋಡದೆ ಆರಂಭವಾದ ಚಿಕಿತ್ಸೆ ಎಷ್ಟು ದಿನ ನಡೆದರೂ ನೋವಿನ ಸುತ್ತಲೇ ಸುತ್ತುತ್ತಿರುತ್ತದೆ.

ನನ್ನದು ದಿನಕ್ಕೆ ಎಂಟು ಗಂಟೆ ಕುಳಿತು ಲೆಕ್ಕಪತ್ರ ನೋಡುವ ಕೆಲಸ. ನೋವು ಶುರುವಾಗುವುದಕ್ಕೆ ಮೂರು ವಾರ ಮೊದಲು ಮೆಟ್ಟಿಲಿಳಿಯುವಾಗ ಕಾಲು ಜಾರಿ, ಬಲ ಪೃಷ್ಠವೇ ಮೆಟ್ಟಿಲಿನ ಅಂಚಿಗೆ ಬಡಿಯುವಂತೆ ಬಿದ್ದಿದ್ದೆ. ನೀಲಿಗಟ್ಟಿದ ಗುರುತು ಹತ್ತು ದಿನಗಳಲ್ಲಿ ಮಾಯವಾದ್ದರಿಂದ ಬಿದ್ದದ್ದನ್ನೇ ಮರೆತಿದ್ದೆ. ಆಮೇಲೆ ಕಾಣಿಸಿಕೊಂಡ ನೋವಿಗೂ ಅದಕ್ಕೂ ಸಂಬಂಧವಿರಬಹುದೆಂದು ನನಗೆ ಹೊಳೆಯಲಿಲ್ಲ, ಹೊಳೆಯಬೇಕೆಂದೂ ಇರಲಿಲ್ಲ. ಅದನ್ನು ಕೇಳಿ ತಿಳಿದುಕೊಳ್ಳಬೇಕಾದದ್ದು ಪರೀಕ್ಷೆ ಮಾಡುವವರ ಕೆಲಸ. ಮೊದಲ ಕೇಂದ್ರದಲ್ಲಿ ಆರು ತಿಂಗಳಲ್ಲಿ ಯಾರೂ ಆ ಪ್ರಶ್ನೆಯನ್ನು ಕೇಳಲಿಲ್ಲ.

ಆ ಕೇಂದ್ರದ ವ್ಯವಸ್ಥೆ ಅಚ್ಚುಕಟ್ಟಾಗಿತ್ತು. ಹೇಳಿದ ಸಮಯಕ್ಕೆ ಒಳಗೆ ಕರೆಯುತ್ತಿದ್ದರು, ಹಾಸಿಗೆಯ ಹೊದಿಕೆಯನ್ನು ಪ್ರತಿ ರೋಗಿಗೂ ಬದಲಾಯಿಸುತ್ತಿದ್ದರು, ಸಿಬ್ಬಂದಿ ಸೌಜನ್ಯದಿಂದ ನಡೆದುಕೊಳ್ಳುತ್ತಿದ್ದರು. ಆದರೆ ವೈದ್ಯರ ಮೊದಲ ಭೇಟಿ ಏಳೆಂಟು ನಿಮಿಷಗಳಲ್ಲಿ ಮುಗಿಯಿತು. ನೋವು ಎಲ್ಲಿಂದ ಎಲ್ಲಿಯವರೆಗೆ ಇಳಿಯುತ್ತದೆ ಎಂದು ಕೇಳಿ, ಮಲಗಿಸಿ ಕಾಲನ್ನು ಒಮ್ಮೆ ಮೇಲೆತ್ತಿ, ಎಂಆರ್‌ಐ ಮಾಡಿಸಲು ಬರೆದುಕೊಟ್ಟರು. ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಕಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಸ್ವಲ್ಪ ಉಬ್ಬಿದೆ ಎಂದು ವರದಿ ಬಂತು, ಅಲ್ಲಿಗೆ ರೋಗದ ಹೆಸರು ನಿರ್ಧಾರವಾಯಿತು. ರಾತ್ರಿ ನುಂಗಲು ನರನೋವಿಗೆ ಕೊಡುವ ಪ್ರಿಗ್ಯಾಬಲಿನ್ ಮಾತ್ರೆ, ನೋವು ಹೆಚ್ಚಾದಾಗ ನೋವುನಿವಾರಕ, ಮತ್ತು ಮುಂಗಡವಾಗಿ ಹಣ ಕಟ್ಟಿ ಮುಗಿಸಬೇಕಾದ ಇಪ್ಪತ್ತು ಫಿಸಿಯೋಥೆರಪಿ ಸರದಿಗಳು. ಪ್ರತಿ ಸರದಿಯಲ್ಲಿಯೂ ಹದಿನೈದು ನಿಮಿಷ ಶಾಖ, ಹದಿನೈದು ನಿಮಿಷ ವಿದ್ಯುತ್ ಪ್ರಚೋದನೆ, ಹತ್ತು ನಿಮಿಷ ಸೊಂಟವನ್ನು ಎಳೆಯುವ ಟ್ರ್ಯಾಕ್ಷನ್. ನಾನು ಬೋರಲು ಮಲಗಿ ನೆಲದ ಹಾಸುಗಲ್ಲುಗಳನ್ನು ಎಣಿಸುತ್ತಿದ್ದೆ. ಪಕ್ಕದ ಹಾಸಿಗೆಯಲ್ಲಿ ಮಂಡಿನೋವಿನವರೊಬ್ಬರಿಗೂ ಅದೇ ಶಾಖ, ಅದೇ ವಿದ್ಯುತ್ತು ನಡೆಯುತ್ತಿತ್ತು. ಮಲಗಿದ್ದಾಗ ಹಿತವೆನಿಸುತ್ತಿದ್ದುದು ನಿಜ. ಮನೆಗೆ ಹೋಗಿ ಕುರ್ಚಿಯಲ್ಲಿ ಕುಳಿತ ಕಾಲು ಗಂಟೆಯಲ್ಲಿ ಪೃಷ್ಠದೊಳಗೆ ಕೆಂಡವಿಟ್ಟಂತೆ ಉರಿ ಮರಳುತ್ತಿತ್ತು. ಇಪ್ಪತ್ತು ಸರದಿ ಮುಗಿದಾಗ ಇನ್ನೂ ಇಪ್ಪತ್ತಕ್ಕೆ ಹಣ ಕಟ್ಟಲು ಹೇಳಿದರು. ಆ ಎರಡನೆಯ ಕಂತನ್ನೂ ನಾನು ಪೂರೈಸಿದೆ.

ಎಂಆರ್‌ಐ ವರದಿ ಸುಳ್ಳಾಗಿರಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ನನ್ನ ಡಿಸ್ಕ್ ನಿಜವಾಗಿಯೂ ಉಬ್ಬಿದೆ, ಬಹುಶಃ ಇಂದಿಗೂ ಹಾಗೆಯೇ ಇದೆ. ತೊಂದರೆ ಇರುವುದು ಆ ಉಬ್ಬಿಗೆ ಕೊಟ್ಟ ಅರ್ಥದಲ್ಲಿ. ಯಾವ ಬೆನ್ನುನೋವೂ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಚಿತ್ರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ಇಪ್ಪತ್ತರ ವಯಸ್ಸಿನವರಲ್ಲಿಯೇ ಸುಮಾರು 30 ಪ್ರತಿಶತ ಮಂದಿಗೆ, ಎಂಬತ್ತರ ವಯಸ್ಸಿನವರಲ್ಲಿ 84 ಪ್ರತಿಶತ ಮಂದಿಗೆ ಡಿಸ್ಕ್ ಉಬ್ಬಿರುತ್ತದೆ. ಹಾಗಿರುವಾಗ ಚಿತ್ರದಲ್ಲಿ ಕಂಡ ಉಬ್ಬು ಮತ್ತು ಕಾಲಿನಲ್ಲಿರುವ ನೋವು ಒಂದಕ್ಕೊಂದು ಹೊಂದುತ್ತವೆಯೇ ಎಂದು ದೇಹವನ್ನು ಪರೀಕ್ಷಿಸಿಯೇ ತಿಳಿಯಬೇಕು. ಮಾತ್ರೆಯ ವಿಷಯವೂ ಇಷ್ಟೇ ಮುಖ್ಯ. ಸಯಾಟಿಕಾ, ಅಂದರೆ ಸಯಾಟಿಕ್ ನರದ ದಾರಿಯಲ್ಲಿ ಕಾಲಿಗಿಳಿಯುವ ನೋವು, ಇರುವವರಲ್ಲಿ ಪ್ರಿಗ್ಯಾಬಲಿನ್ನನ್ನು ಹುಸಿಮಾತ್ರೆಯೊಂದಿಗೆ ಹೋಲಿಸಿ ನಡೆಸಿದ, 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಾಲುನೋವು ಅದರಿಂದ ಹೆಚ್ಚೇನೂ ಕಡಿಮೆಯಾಗಲಿಲ್ಲ, ತಲೆಸುತ್ತಿನಂತಹ ತೊಂದರೆಗಳು ಮಾತ್ರ ಹೆಚ್ಚಾಗಿದ್ದವು. ನನಗೂ ಬೆಳಗಿನ ಹೊತ್ತು ತಲೆ ತೂಗಿದಂತಾಗುತ್ತಿತ್ತು. ಅದನ್ನು ಹೇಳಿಕೊಂಡಾಗ ಸಿಕ್ಕ ಉತ್ತರ, ಒಗ್ಗಿಹೋಗುತ್ತದೆ ಎಂಬುದು.

ಎರಡನೆಯ ಚಿಕಿತ್ಸಾಲಯಕ್ಕೆ ನಾನು ಹೋದದ್ದು ಸಹೋದ್ಯೋಗಿಯೊಬ್ಬರ ಸಲಹೆಯಿಂದ. ಅಲ್ಲಿನ ಫಿಸಿಯೋಥೆರಪಿಸ್ಟ್ ನನ್ನ ಕೈಯಲ್ಲಿದ್ದ ಎಂಆರ್‌ಐ ಲಕೋಟೆಯನ್ನು ತೆಗೆದುಕೊಂಡು ತೆರೆಯದೆ ಮೇಜಿನ ಮೇಲಿಟ್ಟರು. “ಇದನ್ನು ಕೊನೆಗೆ ನೋಡುತ್ತೇನೆ. ಮೊದಲು, ನಿಮಗೆ ಏನು ಮಾಡಲು ಆಗುತ್ತಿಲ್ಲ ಎಂದು ಹೇಳಿ” ಎಂದರು. ಕುಳಿತುಕೊಳ್ಳಲು ಆಗುತ್ತಿಲ್ಲ ಎಂದೆ. ಎಷ್ಟು ಹೊತ್ತು, ಯಾವ ಬಗೆಯ ಕುರ್ಚಿಯಲ್ಲಿ, ಮೆತ್ತನೆಯದರಲ್ಲೋ ಗಟ್ಟಿಯದರಲ್ಲೋ, ಎಡಕ್ಕೆ ವಾಲಿ ಬಲಭಾಗವನ್ನು ಸ್ವಲ್ಪ ಎತ್ತಿ ಕುಳಿತರೆ ಸಮಾಧಾನವೋ, ಕೆಮ್ಮಿದಾಗ ಅಥವಾ ಸೀನಿದಾಗ ಕಾಲಿಗೆ ಸೆಳೆಯುತ್ತದೆಯೋ, ಕಾರಿನಿಂದ ಇಳಿಯುವಾಗ ಹೇಗೆ, ಮೆಟ್ಟಿಲು ಹತ್ತುವಾಗ ಹೇಗೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ನಂತರ ತಲೆಯೆತ್ತಿ, “ಈ ಒಂದು ವರ್ಷದಲ್ಲಿ ಎಲ್ಲಾದರೂ ಬಿದ್ದಿದ್ದಿರಾ?” ಎಂದರು. ಮೆಟ್ಟಿಲ ಮೇಲೆ ಬಿದ್ದದ್ದು ನನಗೆ ಆಗ ನೆನಪಾಯಿತು. ಏಳನೆಯ ತಿಂಗಳಿನಲ್ಲಿ ನನ್ನ ರೋಗದ ಕಥೆ ಅದರ ಮೊದಲ ಸಾಲಿನಿಂದ ಶುರುವಾದದ್ದು ಹೀಗೆ.

ಪರೀಕ್ಷೆಗೆ ನಲವತ್ತು ನಿಮಿಷ ಹಿಡಿಯಿತು. ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಬಗ್ಗಿಸಿದರು. ಸೊಂಟ ಸರಾಗವಾಗಿ ಬಗ್ಗಿತು, ಕಾಲಿನ ನೋವು ಏಳಲಿಲ್ಲ. ಹಿಮ್ಮಡಿಯ ಮೇಲೆ ಮತ್ತು ಕಾಲ್ಬೆರಳ ತುದಿಯ ಮೇಲೆ ನಡೆಸಿದರು. ಹೆಬ್ಬೆರಳನ್ನು ಮೇಲಕ್ಕೆ ಒತ್ತಿ ಹಿಡಿಯುವ ಬಲವನ್ನು ಎರಡೂ ಕಾಲುಗಳಲ್ಲಿ ಹೋಲಿಸಿದರು, ಪುಟ್ಟ ಸುತ್ತಿಗೆಯಿಂದ ಮಂಡಿ ಮತ್ತು ಹಿಮ್ಮಡಿಯ ಪ್ರತಿವರ್ತನೆಗಳನ್ನು ನೋಡಿದರು, ಹತ್ತಿಯ ಎಳೆಯನ್ನು ಚರ್ಮದ ಮೇಲೆ ಸೋಕಿಸಿ ಎರಡು ಕಡೆಯೂ ಒಂದೇ ತೆರನಾಗಿ ತಿಳಿಯುತ್ತದೆಯೇ ಎಂದು ಕೇಳಿದರು. ಅಂಗಾತ ಮಲಗಿಸಿ ಮಂಡಿ ಮಡಿಸದೆ ಕಾಲನ್ನು ಎತ್ತಿದಾಗ ಎರಡೂ ಕಾಲುಗಳಲ್ಲಿ ಸುಮಾರು 70 ಡಿಗ್ರಿಯವರೆಗೆ ಬರೀ ತೊಡೆಯ ಬಿಗಿತ, ಅಷ್ಟೇ. ಡಿಸ್ಕ್ ನರದ ಬೇರನ್ನು ಒತ್ತುತ್ತಿದ್ದರೆ ಇವುಗಳಲ್ಲಿ ಒಂದಾದರೂ ಸಾಮಾನ್ಯವಾಗಿ ಮಾತನಾಡುತ್ತದೆ ಎಂದು ವಿವರಿಸಿದರು.

ಆಮೇಲೆ ಎಡಮಗ್ಗುಲಾಗಿ ಮಲಗಿಸಿದರು. ಮೇಲಿದ್ದ ಬಲಗಾಲನ್ನು ಸೊಂಟದಲ್ಲಿ ಸುಮಾರು 60 ಡಿಗ್ರಿ ಮಡಿಸಿ, ಒಂದು ಕೈಯಿಂದ ಸೊಂಟವನ್ನು ಅಲುಗದಂತೆ ಹಿಡಿದು, ಇನ್ನೊಂದು ಕೈಯಿಂದ ಮಂಡಿಯನ್ನು ಮೆಲ್ಲಗೆ ಹಾಸಿಗೆಯ ಕಡೆಗೆ ಇಳಿಸುತ್ತ, ಪಾದವನ್ನು ಹೊರಕ್ಕೆ ಎತ್ತಿ ತೊಡೆಯನ್ನು ಒಳಕ್ಕೆ ತಿರುಗಿಸಿದರು. ಹತ್ತು ಸೆಕೆಂಡು ಕಳೆಯುವುದರೊಳಗೆ ನನ್ನ ನೋವು, ಅದೇ ಉರಿ, ಅದೇ ದಾರಿಯಲ್ಲಿ ಮೀನಖಂಡದವರೆಗೆ ಇಳಿಯಿತು. ಕಾಲನ್ನು ಬಿಟ್ಟು, ಬೆನ್ನುಮೂಳೆಯ ಬುಡದಲ್ಲಿರುವ ತ್ರಿಕಾಸ್ಥಿಯ ಅಂಚಿನಿಂದ ತೊಡೆಯೆಲುಬಿನ ಮೇಲ್ತುದಿಯ ಗುಬುಟಿನವರೆಗೆ ಹೆಬ್ಬೆರಳನ್ನು ಇಂಚಿಂಚಾಗಿ ಸರಿಸುತ್ತ ಹೋದರು. ಒಂದು ಕಡೆ ಒತ್ತಿದಾಗ ನಾನು ಉಸಿರು ಬಿಗಿಹಿಡಿದೆ. ಅವರು ಬೆರಳನ್ನು ಅಲ್ಲಿಯೇ ಹಗುರವಾಗಿ ಇಟ್ಟು, “ಇದು ನಿಮ್ಮ ನೋವೇ, ಬೇರೆ ನೋವೇ?” ಎಂದು ಕೇಳಿದರು. ಆರು ತಿಂಗಳಿನಿಂದ ನಾನು ಯಾರಿಗೂ ತೋರಿಸಲಾಗದೆ ಹೋದ ಜಾಗ ಅದು. ನನ್ನ ಕಣ್ಣು ತುಂಬಿತೆಂದು ಬರೆಯಲು ನನಗೆ ಸಂಕೋಚವಿಲ್ಲ.

ಗೋಡೆಯ ಬಳಿ ಸೊಂಟದ ಎಲುಬುಗಳ ಪ್ಲಾಸ್ಟಿಕ್ ಮಾದರಿಯೊಂದಿತ್ತು. ತ್ರಿಕಾಸ್ಥಿಯ ಮುಂಭಾಗದಿಂದ ಹೊರಟು, ಎಲುಬಿನ ಕಂಡಿಯ ಮೂಲಕ ಹೊರಬಂದು, ತೊಡೆಯೆಲುಬಿನ ಗುಬುಟಿಗೆ ಅಂಟಿಕೊಂಡಿದ್ದ ಕೆಂಪು ಪಟ್ಟಿಯನ್ನು ತೋರಿಸಿ, ಇದು ಪಿರಿಫಾರ್ಮಿಸ್ ಎಂದರು. ಲ್ಯಾಟಿನ್‌ನಲ್ಲಿ ಪೇರ್ ಹಣ್ಣಿನ ಆಕಾರದ್ದು ಎಂದು ಅದರ ಅರ್ಥ. ಅದರ ಕೆಳಗಿನಿಂದ ಹಳದಿ ಹಗ್ಗವೊಂದು ಹೊರಬಿದ್ದು ತೊಡೆಗೆ ಇಳಿದಿತ್ತು, ಅದು ದೇಹದಲ್ಲಿಯೇ ಅತಿ ದಪ್ಪನೆಯ ನರವಾದ ಸಯಾಟಿಕ್. ಹೆಚ್ಚಿನವರಲ್ಲಿ ಈ ನರ ಇಡಿಯಾಗಿ ಸ್ನಾಯುವಿನ ಅಡಿಯಲ್ಲಿಯೇ ಹಾದುಹೋಗುತ್ತದೆ. ಆರರಲ್ಲಿ ಒಬ್ಬರಿಗೆ, ಹೆಚ್ಚುಕಡಿಮೆ, ನರದ ಒಂದು ಕವಲು ಸ್ನಾಯುವನ್ನು ಸೀಳಿಕೊಂಡೋ ಅದರ ಮೇಲಿನಿಂದಲೋ ಸಾಗುತ್ತದೆ; ಈ ಬಗೆಗಳನ್ನು ಬೀಟನ್ ಮತ್ತು ಆ್ಯನ್ಸನ್ ಎಂಬ ಅಂಗರಚನಾ ತಜ್ಞರು 1937ರಲ್ಲಿಯೇ ವಿಂಗಡಿಸಿದ್ದರು. ಹಾಗೆ ಹುಟ್ಟಿದವರಿಗೆಲ್ಲ ನೋವು ಬರುತ್ತದೆ ಎಂದೇನಿಲ್ಲ. ಪೆಟ್ಟು ಬಿದ್ದು ಸ್ನಾಯು ಊದಿಕೊಂಡಾಗ, ಬಹುಕಾಲ ಅದರ ಮೇಲೆಯೇ ಭಾರ ಹಾಕಿ ಕುಳಿತಾಗ, ಅಥವಾ ಪೃಷ್ಠದ ಉಳಿದ ಸ್ನಾಯುಗಳು ಸೋತು ಎಲ್ಲ ಕೆಲಸವೂ ಇದರ ಮೇಲೆಯೇ ಬಿದ್ದಾಗ ನರಕ್ಕೆ ಕಿರಿಕಿರಿ ಶುರುವಾಗಬಹುದು. ಇಂದು ವೈದ್ಯರು ಇದನ್ನು ಪೃಷ್ಠದ ಆಳದ ನರಬಾಧೆಗಳೆಂಬ ದೊಡ್ಡ ಗುಂಪಿನೊಳಗೆ ಸೇರಿಸಿ ನೋಡುತ್ತಾರೆ, ಏಕೆಂದರೆ ಪಿರಿಫಾರ್ಮಿಸ್ ಅಲ್ಲದೆ ಅದರ ನೆರೆಯ ಸ್ನಾಯುಗಳೂ ನಾರುಪಟ್ಟಿಗಳೂ ಅದೇ ನರವನ್ನು ಬಿಗಿಯಬಲ್ಲವು.

ಇಷ್ಟು ಹಳೆಯ ಸಂಗತಿ ನನ್ನ ಮೊದಲ ಭೇಟಿಯಲ್ಲಿ ಏಕೆ ಚರ್ಚೆಗೇ ಬರಲಿಲ್ಲ ಎಂದು ನಾನು ಆಮೇಲೆ ಓದಿ ತಿಳಿಯಲು ಪ್ರಯತ್ನಿಸಿದೆ. 1928ರಲ್ಲಿ ಯೋಮನ್ ಎಂಬ ವೈದ್ಯರು ಸಯಾಟಿಕಾ ನೋವಿಗೆ ಈ ಸ್ನಾಯುವಿನ ನಂಟನ್ನು ಗುರುತಿಸಿದ್ದರು. 1934ರಲ್ಲಿ ಫ್ರೈಬರ್ಗ್ ಅದನ್ನು ಮುಂದುವರಿಸಿದರು. ಅದೇ 1934ರಲ್ಲಿ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಡಿಸ್ಕ್ ಸರಿದು ನರದ ಬೇರನ್ನು ಒತ್ತುವುದನ್ನು ತೋರಿಸಿಕೊಟ್ಟರು. ಆ ಶೋಧ ಎಷ್ಟು ಮಹತ್ವದ್ದಾಗಿತ್ತೆಂದರೆ ಕಾಲಿಗಿಳಿಯುವ ನೋವು ಎಂದೊಡನೆ ಎಲ್ಲರ ಕಣ್ಣೂ ಬೆನ್ನುಮೂಳೆಯ ಕಡೆಗೇ ಹೊರಳಿತು. ರಾಬಿನ್ಸನ್ 1947ರಲ್ಲಿ ಪಿರಿಫಾರ್ಮಿಸ್ ಸಿಂಡ್ರೋಮ್ ಎಂಬ ಹೆಸರನ್ನು ಬಳಕೆಗೆ ತಂದಾಗ ಪೃಷ್ಠಕ್ಕೆ ಬಿದ್ದ ಪೆಟ್ಟನ್ನು ಅದರ ಲಕ್ಷಣಗಳಲ್ಲಿ ಒಂದಾಗಿ ಎಣಿಸಿದ್ದರು. ಡಿಸ್ಕ್‌ನಿಂದ ಬರುವ ಸಯಾಟಿಕಾ ಇದಕ್ಕಿಂತ ಬಹಳ ಹೆಚ್ಚು ಸಾಮಾನ್ಯ ಎಂಬುದನ್ನು ಒಪ್ಪುತ್ತೇನೆ. ಆದ್ದರಿಂದ ಮೊದಲು ಡಿಸ್ಕನ್ನು ಅನುಮಾನಿಸಿದ್ದರ ಬಗ್ಗೆ ನನ್ನ ತಕರಾರಿಲ್ಲ. ನಲವತ್ತು ಸರದಿಗಳ ನಂತರವೂ ಆ ಅನುಮಾನವನ್ನು ಮರುಪರಿಶೀಲಿಸದೆ ಹೋದದ್ದು ನನ್ನ ತಕರಾರು.

ಎರಡನೆಯ ಚಿಕಿತ್ಸಾಲಯದಲ್ಲಿ ನನಗೆ ಬಹಳ ಹಿಡಿಸಿದ ಗುಣವೆಂದರೆ, ರೋಗದ ಹೆಸರು ಸಿಕ್ಕಿತೆಂದು ಅವರು ಸಂಭ್ರಮಿಸಲಿಲ್ಲ. ಈ ಸಮಸ್ಯೆಯನ್ನು ಖಚಿತಪಡಿಸುವ ಒಂದೇ ಒಂದು ಪರೀಕ್ಷೆ ಇಲ್ಲ, ಬೆನ್ನುಮೂಳೆ, ಸೊಂಟದ ಕೀಲು ಮತ್ತು ತ್ರಿಕಾಸ್ಥಿಯ ಕೀಲುಗಳಿಂದ ಬರುವ ನೋವನ್ನು ಬದಿಗಿರಿಸಿದ ನಂತರವೇ ಈ ನಿರ್ಣಯಕ್ಕೆ ಬರಬೇಕು, ಚಿಕಿತ್ಸೆಗೆ ದೇಹ ಹೇಗೆ ಸ್ಪಂದಿಸುತ್ತದೆ ಎಂಬುದೂ ನಿರ್ಣಯದ ಭಾಗವೇ ಎಂದು ಹೇಳಿದರು. ಆಗ ಎಂಆರ್‌ಐ ಲಕೋಟೆಯನ್ನು ತೆರೆದು ವರದಿಯನ್ನು ಓದಿ, ಪುನಶ್ಚೇತನ ವೈದ್ಯರೊಬ್ಬರಿಗೆ ಪತ್ರ ಬರೆದುಕೊಟ್ಟರು. ಆ ವೈದ್ಯರು ತಾವೂ ಪರೀಕ್ಷಿಸಿ ಒಪ್ಪಿದ ಮೇಲೆ ಪ್ರಿಗ್ಯಾಬಲಿನ್ ಪ್ರಮಾಣವನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ಈ ಮಾತ್ರೆಯನ್ನು ಯಾರೂ ತಾವಾಗಿಯೇ ಒಮ್ಮೆಲೇ ಬಿಡಬಾರದು. ಇನ್ನೊಂದು ಎಚ್ಚರಿಕೆಯನ್ನು ಅವರಿಬ್ಬರೂ ಪ್ರತ್ಯೇಕವಾಗಿ ಹೇಳಿದರು, ಅದನ್ನು ಇಲ್ಲಿಯೂ ಬರೆಯುವುದು ನನ್ನ ಕರ್ತವ್ಯ: ತೊಡೆಗಳ ಒಳಭಾಗ ಮತ್ತು ಗುದದ್ವಾರದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಮಲಮೂತ್ರಗಳ ಹಿಡಿತ ತಪ್ಪಿದರೆ, ಪಾದ ಎತ್ತಲಾಗದೆ ಜೋಲುಬಿದ್ದರೆ, ಎರಡೂ ಕಾಲುಗಳ ಬಲ ಕುಂದುತ್ತ ಹೋದರೆ ಯಾವ ವ್ಯಾಯಾಮವನ್ನೂ ಮಾಡುತ್ತ ಕೂರದೆ ಅದೇ ದಿನ, ಅದೇ ಗಳಿಗೆಯಲ್ಲಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಮೊದಲ ಎರಡು ವಾರ ಚಿಕಿತ್ಸೆಯೆಂದರೆ ಬಹುಮಟ್ಟಿಗೆ ಬಿಡಬೇಕಾದವುಗಳನ್ನು ಬಿಡುವುದಾಗಿತ್ತು. ಪ್ಯಾಂಟಿನ ಹಿಂಜೇಬಿನಿಂದ ಪರ್ಸು ಹೊರಬಂತು. ಕಾಲ ಮೇಲೆ ಕಾಲು ಹಾಕಿ ಕೂರುವುದು ನಿಂತಿತು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಎರಡು ನಿಮಿಷ ನಡೆಯಬೇಕು. ನೋವು ಬಂದ ಮೇಲೆ ಏಳುವುದಲ್ಲ, ಬರುವ ಮುಂಚೆಯೇ ಏಳಬೇಕು ಎಂದು ಒತ್ತಿ ಹೇಳಿದರು. ಗಟ್ಟಿ ಚೆಂಡಿನ ಮೇಲೆ ಕುಳಿತು ಆ ಜಾಗವನ್ನು ಉಜ್ಜುವುದು ಒಳ್ಳೆಯದೆಂದು ನಾನು ಕೇಳಿದ್ದೆ, ಮಾಡುತ್ತಲೂ ಇದ್ದೆ. ಕಾಲಿಗೆ ಜೋಮು ಹರಿದರೆ ಚೆಂಡು ಒತ್ತುತ್ತಿರುವುದು ಸ್ನಾಯುವನ್ನಲ್ಲ, ಕೆರಳಿದ ನರವನ್ನು ಎಂದು ಹೇಳಿ ಅದನ್ನು ಬಿಡಿಸಿದರು. ವ್ಯಾಯಾಮಗಳು ಎರಡೇ. ಅಂಗಾತ ಮಲಗಿ ಬಲ ಮಂಡಿಯನ್ನು ಎಡ ಭುಜದ ಕಡೆಗೆ ಮೆಲ್ಲಗೆ ಸೆಳೆದು ಮೂವತ್ತು ಸೆಕೆಂಡು ಹಿಡಿಯುವುದು ಒಂದು. ಇನ್ನೊಂದು, ಎತ್ತರದ ಹಾಸಿಗೆಯ ಅಂಚಿನಲ್ಲಿ ಕುಳಿತು ಮಂಡಿಯನ್ನು ಚಾಚುವಾಗ ತಲೆಯನ್ನು ಹಿಂದಕ್ಕೆ ವಾಲಿಸಿ, ಮಂಡಿಯನ್ನು ಮಡಿಸುವಾಗ ತಲೆಯನ್ನು ಬಗ್ಗಿಸಿ ನರವನ್ನು ಅದರ ದಾರಿಯಲ್ಲಿ ಹಿಂದೆ ಮುಂದೆ ಜಾರಿಸುವುದು. ನರವನ್ನು ಎಳೆಯಬಾರದು, ಜಾರಿಸಬೇಕು ಎಂಬ ಅವರ ಮಾತು ನನಗೆ ಬಾಯಿಪಾಠವಾಗಿದೆ.

ಇಲ್ಲಿಯೇ ಈ ಚಿಕಿತ್ಸಾಲಯದ ಮೊದಲ ಕೊರತೆಯನ್ನೂ ಹೇಳಬೇಕು. ಮನೆಗೆ ಕೊಟ್ಟ ಹಾಳೆಯಲ್ಲಿ ವ್ಯಾಯಾಮದ ಗೆರೆಚಿತ್ರ ಮತ್ತು ಎಣಿಕೆ ಇತ್ತು. ಎಷ್ಟು ಬಿಗಿತದವರೆಗೆ ಸೆಳೆಯಬೇಕು, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು ಎಂಬುದು ಇರಲಿಲ್ಲ. ಬೇಗ ಗುಣವಾಗಲಿ ಎಂಬ ಆತುರದಲ್ಲಿ ನಾನು ದಿನಕ್ಕೆ ಎಂಟು ಹತ್ತು ಸಲ, ಹಲ್ಲು ಕಚ್ಚಿಕೊಂಡು ಸೆಳೆದೆ. ಒಂಬತ್ತನೆಯ ದಿನ ರಾತ್ರಿ ಪೃಷ್ಠದಿಂದ ಹಿಮ್ಮಡಿಯವರೆಗೆ ನೋವು ಹರಿದು, ಮಗ್ಗುಲು ಬದಲಿಸಲೂ ಆಗದೆ ಬೆಳಗಿನವರೆಗೆ ಎಚ್ಚರವಾಗಿದ್ದೆ. ಮರುದಿನ ಅವರು ಹಾಳೆಯನ್ನು ನೋಡಿ, ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದುಕೊಡದೆ ಇದ್ದದ್ದು ತಮ್ಮ ತಪ್ಪೆಂದು ಒಪ್ಪಿಕೊಂಡು, ನನ್ನೆದುರಿಗೇ ಕೆಂಪು ಪೆನ್ನಿನಿಂದ ಮೂರು ಸಾಲು ಸೇರಿಸಿದರು. ಹತ್ತರಲ್ಲಿ ಮೂರಕ್ಕಿಂತ ಹೆಚ್ಚು ನೋವಾಗುವಷ್ಟು ಸೆಳೆಯಬಾರದು. ಜೋಮು ಬಂದರೆ ಅಲ್ಲಿಗೇ ಬಿಡಬೇಕು. ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಬೇಡ. ಆ ಮೂರು ಸಾಲು ಮೊದಲ ದಿನವೇ ಇದ್ದಿದ್ದರೆ ನನಗೆ ಹತ್ತು ದಿನಗಳ ನಷ್ಟ ತಪ್ಪುತ್ತಿತ್ತು. ತಪ್ಪನ್ನು ತಿದ್ದಿದ ರೀತಿಗೆ ನನ್ನ ಗೌರವವಿದೆ, ಆದರೂ ವಿಮರ್ಶೆಯಲ್ಲಿ ಅದನ್ನು ಬಿಟ್ಟುಬಿಡಲಾರೆ.

ಮೂರನೆಯ ವಾರದಿಂದ ಬಲ ಬೆಳೆಸುವ ವ್ಯಾಯಾಮಗಳು ಬಂದವು. ನಿಜವಾದ ಚಿಕಿತ್ಸೆ ಇದೇ ಎಂದು ನಾನು ಈಗ ನಂಬುತ್ತೇನೆ. ಒಂಟಿಕಾಲಿನಲ್ಲಿ ನಿಲ್ಲಿಸಿ ಕನ್ನಡಿಯಲ್ಲಿ ತೋರಿಸಿದಾಗ, ಬಲಗಾಲಿನ ಮೇಲೆ ನಿಂತರೆ ನನ್ನ ಎಡ ಸೊಂಟ ಕೆಳಕ್ಕೆ ಜೋತುಬೀಳುತ್ತಿದ್ದುದು ಕಣ್ಣಿಗೆ ರಾಚುವಂತೆ ಕಂಡಿತು. ಸೊಂಟವನ್ನು ಮಟ್ಟವಾಗಿ ಹಿಡಿಯಬೇಕಾದ ಪಕ್ಕದ ಸ್ನಾಯುಗಳು ಸೋತಿದ್ದವು. ಮಗ್ಗುಲಾಗಿ ಮಲಗಿ ಮಂಡಿಗಳನ್ನು ಚಿಪ್ಪು ತೆರೆದಂತೆ ತೆರೆಯುವುದು, ಅಂಗಾತ ಮಲಗಿ ಸೊಂಟವನ್ನು ಸೇತುವೆಯಂತೆ ಎತ್ತಿ ಹಿಡಿಯುವುದು, ಮಂಡಿಯ ಮೇಲೆ ರಬ್ಬರ್ ಪಟ್ಟಿ ಕಟ್ಟಿಕೊಂಡು ಪಕ್ಕಕ್ಕೆ ಹೆಜ್ಜೆಯಿಡುವುದು, ಗಿಡ್ಡ ಮಣೆಯಿಂದ ಒಂಟಿಕಾಲಿನಲ್ಲಿ ನಿಧಾನವಾಗಿ ಇಳಿಯುವುದು ಹೀಗೆ ಒಂದರ ಮೇಲೊಂದು ಸೇರುತ್ತ ಹೋದವು. ಪ್ರತಿ ಎರಡು ವಾರಕ್ಕೊಮ್ಮೆ ಮೊದಲ ದಿನದ ಪರೀಕ್ಷೆಗಳನ್ನೇ ಮತ್ತೆ ಮಾಡಿ, ಎಷ್ಟು ನಿಮಿಷ ಕೂರಲು ಸಾಧ್ಯ ಎಂಬುದನ್ನು ಕಡತದಲ್ಲಿ ದಾಖಲಿಸುತ್ತಿದ್ದರು. ಹದಿನೈದು, ಇಪ್ಪತ್ತೆರಡು, ಮೂವತ್ತೈದು, ಮತ್ತೆ ಮೂವತ್ತೈದು. ದೊಡ್ಡ ಕೇಂದ್ರದ ಚೀಟಿಯಲ್ಲಿ ಎಷ್ಟನೆಯ ಸರದಿ ಎಂಬುದು ಮಾತ್ರ ದಾಖಲಾಗುತ್ತಿತ್ತು.

ಎಂಟನೆಯ ವಾರದಲ್ಲಿ ಸುಧಾರಣೆ ನಿಂತಾಗ ವೈದ್ಯರು ಇಂಜೆಕ್ಷನ್ ಸೂಚಿಸಿದರು. ಸ್ಥಳೀಯ ಅರಿವಳಿಕೆ ಮತ್ತು ಸ್ಟಿರಾಯ್ಡ್ ಬೆರೆಸಿ, ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯ ತುದಿಯನ್ನು ನೋಡುತ್ತಲೇ ಪಿರಿಫಾರ್ಮಿಸ್ ಸ್ನಾಯುವಿಗೆ ಕೊಟ್ಟರು. ಈ ಸ್ನಾಯು ಆಳದಲ್ಲಿದ್ದು ನರಕ್ಕೆ ಅಂಟಿಕೊಂಡಂತೆ ಇರುವುದರಿಂದ, ಅಂದಾಜಿನಲ್ಲಿ ಚುಚ್ಚದೆ ಚಿತ್ರದ ನೆರವಿನಿಂದಲೇ ಕೊಡುತ್ತಾರೆಯೇ ಎಂದು ಮುಂಚೆಯೇ ಕೇಳಿಕೊಳ್ಳುವುದು ಲೇಸು. ಅರಿವಳಿಕೆ ನರಕ್ಕೂ ಸೋಕಿದರೆ ಕಾಲು ಕೆಲವು ಗಂಟೆ ಬಲವಿಲ್ಲದಂತೆ ಆಗಬಹುದು ಎಂದು ಎಚ್ಚರಿಸಿದ್ದರು, ಹಾಗೆಯೇ ಆಯಿತು. ಜೊತೆಗೆ ಒಬ್ಬರು ಇರಲೇಬೇಕು, ಅಂದು ವಾಹನ ಚಲಾಯಿಸಕೂಡದು. ಅಂದು ಸಂಜೆ ಕುಳಿತಾಗ ಉರಿ ಇರಲಿಲ್ಲ; ನೋವಿನ ಮೂಲ ಅಲ್ಲಿಯೇ ಇದೆ ಎಂಬುದಕ್ಕೆ ಅದು ಇನ್ನೊಂದು ಆಧಾರವೆಂದು ವೈದ್ಯರು ಹೇಳಿದರು. ಇಂಜೆಕ್ಷನ್ನೇ ಗುಣಪಡಿಸುತ್ತದೆ ಎಂದು ಅವರು ಮಾತು ಕೊಡಲಿಲ್ಲ. ನೋವು ತಗ್ಗಿರುವ ವಾರಗಳನ್ನು ವ್ಯಾಯಾಮಕ್ಕೆ ಬಳಸಿಕೊಳ್ಳಬೇಕು, ಅದಕ್ಕಾಗಿಯೇ ಇದು ಎಂದರು. ಕೆಲವರಿಗೆ ಸ್ನಾಯುವನ್ನು ಸಡಿಲಗೊಳಿಸುವ ಬೊಟುಲಿನಮ್ ಟಾಕ್ಸಿನ್ ಕೊಡುವುದುಂಟು, ತೀರಾ ಅಪರೂಪಕ್ಕೆ ಶಸ್ತ್ರಚಿಕಿತ್ಸೆಯೂ ಉಂಟು. ನನಗೆ ಅವು ಬೇಕಾಗಲಿಲ್ಲ.

ಈ ಚಿಕಿತ್ಸಾಲಯದ ಉಳಿದ ಕೊರತೆಗಳು ಚಿಕ್ಕವು, ಆದರೆ ಕುಳಿತುಕೊಳ್ಳಲಾಗದವರಿಗೆ ಚಿಕ್ಕವೂ ದೊಡ್ಡವೇ. ಒಬ್ಬರೇ ಎಲ್ಲರನ್ನೂ ನೋಡುವುದರಿಂದ ಅರ್ಧ ಗಂಟೆ, ಮುಕ್ಕಾಲು ಗಂಟೆ ಕಾಯಿಸುವುದು ಸಾಮಾನ್ಯ, ಮತ್ತು ಕಾಯುವ ಕೋಣೆಯಲ್ಲಿರುವುದು ಸಾಲಾಗಿ ಗಟ್ಟಿ ಪ್ಲಾಸ್ಟಿಕ್ ಕುರ್ಚಿಗಳು ಮಾತ್ರ. ನಾನು ಗೋಡೆಗೊರಗಿ ನಿಂತೇ ಕಾಯುತ್ತಿದ್ದೆ. ಕೆಲಸ ಮುಗಿಸಿ ಬರುವವರಿಗೆ ಸಂಜೆಯ ಸಮಯ ಸಿಗುವುದು ಬಹಳ ಕಷ್ಟ. ದಾಖಲೆಗಳನ್ನು ಕೇಳಿದರೆ ಕೊಡುತ್ತಾರೆ, ತಾವಾಗಿ ಕೊಡುವುದಿಲ್ಲ. ಮೊದಲ ಭೇಟಿಗೆ ಒಂದು ಗಂಟೆ ಬಿಡುವು ಮಾಡಿಕೊಂಡು, ನೋವಿನ ದಿನಚರಿಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುವವರಿಗೆ ಇಂತಹ ಜಾಗ ಬಹಳ ಉಪಯುಕ್ತ. ಮಲಗಿಕೊಂಡು ಚಿಕಿತ್ಸೆ ಪಡೆದು ಎದ್ದುಹೋಗಬೇಕೆಂದು ಬಯಸುವವರಿಗೆ ಇದು ಒಗ್ಗಲಾರದು, ಏಕೆಂದರೆ ಇಲ್ಲಿ ಮುಕ್ಕಾಲು ಪಾಲು ಕೆಲಸ ರೋಗಿಯದೇ, ಅದೂ ಮನೆಯಲ್ಲಿ, ಯಾರೂ ನೋಡದಿರುವಾಗ.

ಐದನೆಯ ತಿಂಗಳ ಕೊನೆಯಲ್ಲಿ ನಾನು ಒಂದೇ ಸಮನೆ ತೊಂಬತ್ತು ನಿಮಿಷ ಕೂರಬಲ್ಲವನಾಗಿದ್ದೆ. ನೋವುನಿವಾರಕ ಮಾತ್ರೆಗಳು ನಿಂತಿವೆ. ಮಗ್ಗುಲಾಗಿ ಮಲಗಿಸಿ ಕಾಲನ್ನು ತಿರುಗಿಸುವ ಪರೀಕ್ಷೆಯಲ್ಲಿ ಈಗ ಬಿಗಿತವಷ್ಟೇ ಇದೆ, ಉರಿ ಇಳಿಯುವುದಿಲ್ಲ. ಮೂರು ಗಂಟೆಗಿಂತ ಉದ್ದದ ಪ್ರಯಾಣದ ಮರುದಿನ ಆ ಜಾಗ ತಾನಿರುವುದನ್ನು ನೆನಪಿಸುತ್ತದೆ, ಮಣೆಯಿಂದ ಒಂಟಿಕಾಲಿನಲ್ಲಿ ಇಳಿಯುವಾಗ ಬಲ ಮಂಡಿ ಇನ್ನೂ ಒಳಕ್ಕೆ ವಾಲುತ್ತದೆ. ವಾರಕ್ಕೆ ಮೂರು ದಿನದ ವ್ಯಾಯಾಮವನ್ನು ಬಿಡಬಾರದೆಂದು ತಿಳಿಸಿ, ಮೂರು ತಿಂಗಳ ನಂತರದ ದಿನವೊಂದನ್ನು ಗೊತ್ತುಮಾಡಿದ್ದಾರೆ. ಅಂದು ಅದೇ ಮಣೆಯ ಮೇಲೆ ನಿಲ್ಲಿಸಿ ಮತ್ತೆ ಇಳಿಸಿ ನೋಡುತ್ತಾರಂತೆ.